ಅನಿಮೋನ್ ಬೆಳ್ಳಗಾಗಿದೆ, ಮದ್ದು ಹಾಕ್ಲಾ?

ಪ್ರಶ್ನೆ: ನಮ್ಮನೇಲಿ 150 ಲೀಟರಿನ ರೀಫ್ ಟ್ಯಾಂಕ್ (ಸಮುದ್ರ ಜೀವಿಗಳನ್ನ ಸಾಕೋ ಉಪ್ಪುನೀರಿನ ತೊಟ್ಟಿ) ಇದೆ, ಶುರು ಮಾಡಿ ಎಂಟು ತಿಂಗಳಾಯ್ತು. ಮಾರ್ಚಲ್ಲಿ ಒಂದು ಬಬಲ್ ಟಿಪ್ ಅನಿಮೋನ್ (ಕಲ್ಲಿಗೆ ಅಂಟ್ಕೊಂಡು ಹೂವಿನ ತರ ಕಾಣೋ ಸಮುದ್ರದ ಪ್ರಾಣಿ) ತಂದೆ, ಜೊತೆಗೆ ಎರಡು ಕ್ಲೌನ್ ಫಿಶ್. ಬಂದಾಗ ಕಂದು ಬಣ್ಣ ಇತ್ತು, ಈಗ ಹಾಲಿನ ಕೆನೆ ತರ ಬೆಳ್ಳಗಾಗಿದೆ. ಸಂಜೆ ಹೊತ್ತಿಗೆ ಮುದುಡಿ ಮುದ್ದೆ ಆಗುತ್ತೆ, ಕಂದು ದಾರದ ತರ ಏನೋ ಉಗುಳ್ತಾ ಇರುತ್ತೆ. ಹೈಡ್ರೋಮೀಟರಲ್ಲಿ ಉಪ್ಪು 1.025, ಅಮೋನಿಯಾ ಸೊನ್ನೆ, ನೈಟ್ರೇಟ್ 40. ನೀರು 31 ಡಿಗ್ರಿ ಮುಟ್ತು ಅಂತ ಏಪ್ರಿಲ್ ಶುರುವಲ್ಲಿ ಮೇಲೊಂದು ಫ್ಯಾನ್ ಹಚ್ಚಿದೆ, ಈಗ 28ರಲ್ಲಿದೆ. ಆರಿದಷ್ಟು ಆರ್‌ಓ ನೀರು ಹಾಕ್ತೀನಿ, ಭಾನುವಾರ ಮಾತ್ರ ಒಂದು ಜಗ್, ಅಂದ್ರೆ 3 ಲೀಟರ್, ಉಪ್ಪು ನೀರು, ಉಪ್ಪು ಕಮ್ಮಿ ಆಗ್ಬಾರ್ದಲ್ಲ ಅಂತ. ಆಫೀಸ್ ಕೆಲ್ಸದಲ್ಲಿ ನೀರು ಬದಲಾಯಿಸಿ ಎರಡು ತಿಂಗಳ ಮೇಲಾಯ್ತು. ದಿನಾ ಒಂದು ಸಿಗಡಿ ತಿನ್ನಿಸ್ತೀನಿ. ಅಂಗಡಿಯವರು ತಾಮ್ರದ ಮದ್ದಿನ ಬಾಟ್ಲಿ ಕೊಟ್ಟಿದಾರೆ, ಸ್ನೇಹಿತರು ಸಿಪ್ರೋ (ಸಿಪ್ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್) ಮಾತ್ರೆ ಹಾಕು ಅಂತಾರೆ. ಯಾವುದು ಹಾಕ್ಲಿ? ಮಗಳು ಸ್ಕೂಲಿಂದ ಬಂದ ಕೂಡ್ಲೇ ಬ್ಯಾಗ್ ಸಮೇತ ಅದರ ಮುಂದೇನೇ ಕೂತ್ಕೋತಾಳೆ.
— ಡೊಂಬಿವಲಿಯ ಓದುಗರು

ಉತ್ತರ: ಎರಡೂ ಹಾಕ್ಬೇಡಿ. ತಾಮ್ರದ ಬಾಟ್ಲಿಯನ್ನಂತೂ ಇವತ್ತೇ ಆ ರೂಮಿಂದ ಆಚೆ ಇಡಿ. ಅದು ಮೀನಿನ ಮೈಮೇಲಿನ ಪರಾವಲಂಬಿಗಳಿಗೆ ಇರೋ ಮದ್ದು, ಬೆನ್ನುಮೂಳೆ ಇಲ್ಲದ ಜೀವಕ್ಕೆ ತಾಮ್ರ ವಿಷ, ಅನಿಮೋನ್ ಸಾಯುತ್ತೆ, ಬಸವನಹುಳ, ಸಿಗಡಿ ಇದ್ರೆ ಅವೂ ಹೋಗ್ತವೆ, ಅಷ್ಟಕ್ಕೇ ಮುಗಿಯಲ್ಲ, ಕಲ್ಲು ಮರಳೆಲ್ಲ ತಾಮ್ರ ಹೀರ್ಕೊಂಡು ತಿಂಗಳುಗಟ್ಟಲೆ ಮತ್ತೆ ನೀರಿಗೆ ಬಿಡ್ತಾ ಇರ್ತವೆ.

ಈಗ ಕಾಯಿಲೆ ವಿಷ್ಯ. ಅನಿಮೋನಿನ ಕಂದು ಬಣ್ಣ ಅದರ ಸ್ವಂತದ್ದಲ್ಲ, ಮೈಯೊಳಗೆ ಬಾಡಿಗೆಗಿರೋ ಝೂಝಾಂಥೆಲ್ಲೆ ಅನ್ನೋ ಸೂಕ್ಷ್ಮ ಪಾಚಿಯದ್ದು. ಬೆಳಕಲ್ಲಿ ಆ ಪಾಚಿ ಸಕ್ಕರೆ ಮಾಡಿ ಅನಿಮೋನಿಗೆ ಊಟ ಹಾಕುತ್ತೆ. ಶಾಖ, ಉಪ್ಪು, ಬೆಳಕು ಇದ್ರಲ್ಲಿ ಯಾವುದಾದ್ರೂ ತಾಳಕ್ಕಾಗದಷ್ಟು ಏರುಪೇರಾದ್ರೆ ಅನಿಮೋನ್ ಆ ಪಾಚಿನ ಆಚೆ ತಳ್ಳಿಬಿಡುತ್ತೆ. ನೀವು ನೋಡಿದ ಕಂದು ದಾರದಲ್ಲಿ ಬಹುಪಾಲು ಅದೇ ಇರುತ್ತೆ, ಜೊತೆಗೆ ಅರಗದ ಸಿಗಡಿ. ಅಂದ್ರೆ ನಿಮ್ಮ ಅನಿಮೋನಿಗೆ ಸೋಂಕು ಬಂದಿಲ್ಲ, ಅನ್ನ ಹಾಕೋರು ಮನೆ ಬಿಟ್ಟು ಹೋಗಿದಾರೆ, ಅದು ಹಸ್ಕೊಂಡಿದೆ.

ಯಾಕೆ ಹೋದ್ರು? ನಿಮ್ಮ ಪತ್ರದಲ್ಲೇ ಉತ್ತರ ಇದೆ. ನೀರು ಆರುವಾಗ ಉಪ್ಪು ಆರಲ್ಲ ಸರ್, ಅದು ಟ್ಯಾಂಕಲ್ಲೇ ಉಳಿಯುತ್ತೆ. ಭಾನುವಾರದ 3 ಲೀಟರಲ್ಲಿ ಲೀಟರಿಗೆ 35 ಗ್ರಾಮಿನಂತೆ 105 ಗ್ರಾಮ್ ಉಪ್ಪು ಒಳಗೆ ಹೋಗ್ತಿದೆ, ಹೊರಗೆ ಒಂದು ಗ್ರಾಮೂ ಬರ್ತಿಲ್ಲ. ಏಪ್ರಿಲಿಂದ ಹತ್ತು ವಾರ ಹಿಡೀರಿ, ಒಂದು ಕಿಲೋ ದಾಟ್ತು. 150 ಲೀಟರಿಗೆ ಹಂಚಿದ್ರೆ ಲೀಟರಿಗೆ 7 ಗ್ರಾಮ್ ಹೆಚ್ಚು, 35 ಇರಬೇಕಾದ್ದು 42ಕ್ಕೆ ಬಂತು, ಹೈಡ್ರೋಮೀಟರ್ ಲೆಕ್ಕದಲ್ಲಿ ಸುಮಾರು 1.032. ಫ್ಯಾನ್ ಹಚ್ಚಿದ್ದು ಸರಿ, ಮುಂಬೈ ಸೆಕೆಗೆ ಚಿಲ್ಲರ್ ಇಲ್ದೋರಿಗೆ ಅದೇ ಗತಿ, ತಪ್ಪಿದ್ದು ಆ ಜಗ್ಗಲ್ಲಿ.

ಮತ್ತೆ ಮೀಟರಲ್ಲಿ 1.025 ಯಾಕೆ ತೋರಿಸ್ತು ಅಂತ ಕೇಳ್ತೀರಿ. ನಿಮ್ಮದು ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಳ್ಳು ಆಡೋ ಮಾದರಿ ಅನ್ಸುತ್ತೆ. ಆ ಮುಳ್ಳನ್ನ ಬೆಳಕಿಗೆ ಹಿಡಿದು ನೋಡಿ, ತುದಿಯಲ್ಲಿ ಬಿಳಿ ಪುಡಿ ಗಟ್ಟಿಯಾಗಿ ಅಂಟಿರುತ್ತೆ, ಉಗುರಲ್ಲಿ ಕೆರೆದ್ರೆ ಚಕ್ಕೆ ಬರುತ್ತೆ. ಆ ಭಾರಕ್ಕೆ ಮುಳ್ಳು ಮೇಲೇಳಲ್ಲ, ಉಪ್ಪು ಕಮ್ಮಿ ತೋರಿಸುತ್ತೆ. ಗಾಳಿಗುಳ್ಳೆ ಅಂಟಿದ್ರೆ ಉಲ್ಟಾ, ಜಾಸ್ತಿ ತೋರಿಸುತ್ತೆ. ಒಂದು ರಿಫ್ರಾಕ್ಟೋಮೀಟರ್, ಅಂದ್ರೆ ಬೆಳಕು ಬಾಗೋದನ್ನ ನೋಡಿ ಉಪ್ಪು ಅಳೆಯೋ ಸಾಧನ, ತಗೊಳ್ಳಿ, ಅದನ್ನ 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು) ದ್ರಾವಣದಲ್ಲೇ ಸರಿಹೊಂದಿಸಿ, ಬರೀ ಆರ್‌ಓ ನೀರಲ್ಲಿ ಸೊನ್ನೆ ಮಾಡಿದ್ರೆ ಸಾಕಾಗಲ್ಲ. ಖರ್ಚು ಅಂತ ಅನ್ನಿಸ್ಬಹುದು, ಆದ್ರೆ ಈ ಹವ್ಯಾಸದಲ್ಲಿ ಮೊದಲು ತಗೋಬೇಕಾದ ಸಾಮಾನೇ ಅದು, ಮೀನಿಗಿಂತ ಮೊದಲು.

42 ಅಂತ ಗೊತ್ತಾದ್ರೆ ಒಂದೇ ದಿನ ಇಳಿಸಕ್ಕೆ ಹೋಗ್ಬೇಡಿ, ಆ ಶಾಕಿಗೇ ಸಾಯುತ್ತೆ. ದಿನಕ್ಕೆ 3 ಲೀಟರ್ ಟ್ಯಾಂಕಿನ ನೀರು ತೆಗೀರಿ, ಅಷ್ಟೇ ಆರ್‌ಓ ನೀರು ನಿಧಾನಕ್ಕೆ ಹಾಕಿ. ಒಂದೊಂದು ದಿನಕ್ಕೆ 0.8ರಷ್ಟು ಇಳಿದು ಎಂಟು ದಿನಕ್ಕೆ 36ರ ಹತ್ರ ಬರುತ್ತೆ. ಆಮೇಲೆ ವಾರಕ್ಕೆ 15 ಲೀಟರ್, ಸರಿಯಾದ ಉಪ್ಪಿನ ನೀರಲ್ಲಿ ಬದಲಾಯಿಸ್ತಾ ಹೋಗಿ, ನೈಟ್ರೇಟ್ 10ರ ಆಸುಪಾಸು ಬರೋವರೆಗೆ. ಆರಿದ್ದಕ್ಕೆ ಯಾವತ್ತೂ ಸಿಹಿನೀರೇ. ಆರ್‌ಓ ಅಂದ್ರೂ ಅಡುಗೆಮನೆ ಫಿಲ್ಟರಿನದ್ದಾದ್ರೆ ಟಿಡಿಎಸ್ (ನೀರಲ್ಲಿ ಕರಗಿರೋ ಖನಿಜದ ಅಳತೆ) ನೋಡಿ, ಕುಡಿಯೋ ಮಿಷಿನ್ನುಗಳಲ್ಲಿ ರುಚಿಗೆ ಅಂತ ಸ್ವಲ್ಪ ಖನಿಜ ಬಿಟ್ಟಿರ್ತಾರೆ, ನಮಗೆ ಬೇಕಾದ್ದು ಸೊನ್ನೆ.

ದಿನಾ ಸಿಗಡಿ ಹಾಕೋದು ಪ್ರೀತಿಯಿಂದ ಅಂತ ಗೊತ್ತು, ಆದ್ರೆ ಸುಸ್ತಾದ ಅನಿಮೋನಿಗೆ ಇಡೀ ಸಿಗಡಿ ಅರಗಿಸೋ ಶಕ್ತಿ ಇಲ್ಲ, ಎರಡು ದಿನ ಬಾಯಲ್ಲಿಟ್ಕೊಂಡು ಉಗುಳುತ್ತೆ, ಅದೇ ಕೊಳೆತು ನೈಟ್ರೇಟ್ ಏರೋದು. ಉಪ್ಪು ಇಳಿಯೋ ಎಂಟು ದಿನ ಏನೂ ಕೊಡ್ಬೇಡಿ. ಆಮೇಲೆ ವಾರಕ್ಕೆ ಎರಡು ಸಲ, ಹಸಿ ಸಿಗಡಿ, ನಮ್ಮೂರ ಕಡೆ ಎಟ್ಟಿ ಅಂತೀವಲ್ಲ, ಅದನ್ನ ಸಣ್ಣಗೆ ಕೊಚ್ಚಿ ಬಟಾಣಿ ಕಾಳಿನಷ್ಟು. ಅರಿಶಿನ ಉಪ್ಪು ಹಚ್ಚಿಟ್ಟ ಡಬ್ಬಿಯಿಂದ ತೆಗೀಬೇಡಿ, ಮಾರ್ಕೆಟಿಂದ ತಂದ ಕೂಡ್ಲೇ ತೊಳೆದು ಅದರ ಪಾಲು ಬೇರೆ ಫ್ರೀಜ್ ಮಾಡಿ. ತುತ್ತು ಕೊಡುವಾಗ ಪಂಪ್ ನಿಲ್ಲಿಸಿ, ಇಲ್ಲಾಂದ್ರೆ ಕ್ಲೌನ್ ಮೀನೇ ಕಿತ್ಕೊಂಡು ಹೋಗುತ್ತೆ.

ಲೈಟ್ ಇನ್ನೂ ಜೋರು ಮಾಡಿದ್ರೆ ಪಾಚಿ ಬೇಗ ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಬೆಳ್ಳಗಾದ ಮೈಗೆ ಜೋರು ಬೆಳಕು ಸುಟ್ಟ ಹಾಗೆ. ಎಲ್‌ಇಡಿ ಅರ್ಧಕ್ಕಿಳಿಸಿ, ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿ. ಕ್ಲೌನ್‌ಗಳು ಅದರೊಳಗೆ ಹೊರಳಾಡ್ತಾ ಇದ್ರೆ ಅಷ್ಟು ದಿನ ಅನಿಮೋನ್ ಸುತ್ತ ತೂತಿರೋ ಪ್ಲಾಸ್ಟಿಕ್ ಬುಟ್ಟಿ ಬೋರಲು ಹಾಕಿ, ಬಡಪಾಯಿಗೆ ಸ್ವಲ್ಪ ವಿಶ್ರಾಂತಿ ಸಿಗ್ಲಿ.

ಬದುಕಿದೆಯೋ ಇಲ್ವೋ ಅಂತ ನೋಡೋದು ಹೇಗೆ? ಪಾದ ಕಲ್ಲಿಗೆ ಗಟ್ಟಿ ಹಿಡಿದಿದೆಯಾ, ಗ್ಲೌಸ್ ಹಾಕಿದ ಬೆರಳು ತಾಗಿಸಿದ್ರೆ ಗ್ರಹಣಾಂಗ (ಬಾಯಿ ಸುತ್ತ ಬೆರಳಿನ ತರ ಇರೋದು) ಅಂಟುತ್ತಾ, ಅಷ್ಟು ಸಾಕು. ಬೆಳ್ಳಗಿದ್ರೂ ಅಂಟ್ತಾ ಇದ್ರೆ ಆಸೆ ಇದೆ. ದಿನಕ್ಕೊಮ್ಮೆ ಮುದುಡೋದೂ ಭಯಪಡೋದಲ್ಲ, ಒಳಗಿನ ಹಳೇ ನೀರು ಹೊರಗೆ ಹಾಕೋದು ಹಾಗೇನೇ. ಆದ್ರೆ ಅಂಟೋದು ನಿಂತು, ಪಾದ ಬಿಟ್ಟು, ಮೈ ಲೋಳೆಯಾಗಿ ಉದುರ್ತಾ ಕೊಳೆತ ನಾತ ಬಂದ್ರೆ ಒಂದು ಗಂಟೆನೂ ಕಾಯ್ಬೇಡಿ, ತೆಗೆದುಬಿಡಿ, ಒಂದು ಸತ್ತ ಅನಿಮೋನ್ ರಾತ್ರೋರಾತ್ರಿ ಇಡೀ ಟ್ಯಾಂಕ್ ಕೆಡಿಸುತ್ತೆ. ನಿಮ್ಮದು ಆ ಹಂತಕ್ಕೆ ಹೋಗಿಲ್ಲ. ಗ್ರಹಣಾಂಗದ ಬುಡದಲ್ಲಿ ಚಹಾ ಚೆಲ್ಲಿದ ಹಾಗೆ ತೆಳ್ಳಗೆ ಕಂದು ಕಾಣಿಸ್ಕೊಳ್ಳೋದೇ ಮೊದಲ ಗುರುತು, ಪೂರ್ತಿ ಬಣ್ಣ ಬರಕ್ಕೆ ಕೆಲವು ತಿಂಗಳೇ ಬೇಕು. ಆ ಬುಡ ನೋಡೋ ಕೆಲ್ಸ ಮಗಳಿಗೇ ಕೊಡಿ.

ಪ್ರಶ್ನೆ: ಹತ್ತು ದಿನದ ಹಿಂದೆ ಮ್ಯಾಗ್ನಿಫಿಕಾ ಅನಿಮೋನ್ ತಂದೆ. ಟ್ಯಾಂಕಿಗೆ ಮೂರು ವರ್ಷ, ಉಪ್ಪು ರಿಫ್ರಾಕ್ಟೋಮೀಟರಲ್ಲಿ 35, ಶಾಖ 26, ನೈಟ್ರೇಟ್ 5. ರಾತ್ರಿ ತುಂಬ್ಕೊಳ್ಳುತ್ತೆ, ಬೆಳಿಗ್ಗೆ ಲೈಟ್ ಹಾಕಿದ್ರೆ ಒಣ ಚೀಲದ ತರ ಕುಸಿಯುತ್ತೆ, ದಿನಾ ಹೀಗೇ. ಬಾಯಿ ಅಗಲ ತೆರೆದಿದೆ.
— ಠಾಣೆಯ ಓದುಗರು

ಉತ್ತರ: ನಿಮ್ಮದು ಬೇರೆ ಕಥೆ. ನೀರು ಸರಿಯಿದೆ, ಪ್ರಾಣಿ ಹೊಸತು, ದಿನಾ ಕುಸಿತ, ಬಾಯಿ ಮುಚ್ತಿಲ್ಲ. ದೂರದಿಂದ ಚೀಲದಲ್ಲಿ ಬಂದ ಮ್ಯಾಗ್ನಿಫಿಕಾ, ಕಾರ್ಪೆಟ್ ಜಾತಿಗಳಲ್ಲಿ ಇದು ಬ್ಯಾಕ್ಟೀರಿಯಾ ಸೋಂಕಿನ ಲಕ್ಷಣ ಅಂತಾನೇ ಅನುಭವಸ್ಥರು ನೋಡೋದು, ಇಲ್ಲಿ ಸಿಪ್ರೋಫ್ಲಾಕ್ಸಾಸಿನ್‌ಗೆ ಜಾಗ ಇದೆ. ಆದ್ರೆ ಮುಖ್ಯ ಟ್ಯಾಂಕಲ್ಲಿ ಅಲ್ಲ, ಅಲ್ಲಿನ ಒಳ್ಳೇ ಬ್ಯಾಕ್ಟೀರಿಯಾನೂ ಏಟು ತಿನ್ನುತ್ತೆ. ಮರಳು ಕಲ್ಲು ಇಲ್ಲದ 40 ಲೀಟರಿನ ಬೇರೆ ತೊಟ್ಟಿ, ಅದೇ ಉಪ್ಪು ಅದೇ ಶಾಖ, ಹಗಲು ಸಾಧಾರಣ ಲೈಟ್, ಸಣ್ಣ ಪಂಪಿನ ಬಾಯಿಗೆ ಸ್ಪಂಜ್. ಸಂಜೆ ಲೈಟ್ ಆರಿಸಿ 250 ಮಿಲಿಗ್ರಾಮ್ ಮಾತ್ರೆ ಪುಡಿ ಮಾಡಿ ಕರಗಿಸಿ ಹಾಕಿ, ಬೆಳಕಿಗೆ ಈ ಮದ್ದು ಒಡೆದುಹೋಗುತ್ತೆ, ಅದಕ್ಕೇ ಸಂಜೆ. ಮರುದಿನ ಸಂಜೆ ಪೂರ್ತಿ ನೀರು ಬದಲಾಯಿಸಿ ಮತ್ತೆ ಹಾಕಿ. ಹೀಗೆ ಏಳು ದಿನ, ಊಟ ಇಲ್ಲ. ಏಳು ದಿನಕ್ಕೆ 280 ಲೀಟರ್ ನೀರು, ಹತ್ತು ಕಿಲೋ ಹತ್ರ ಉಪ್ಪು ಬೇಕು, ಅಷ್ಟು ಕೈಯಲ್ಲಿಟ್ಕೊಂಡೇ ಶುರು ಮಾಡಿ, ನಡುವೆ ನಿಲ್ಲಿಸಿದ್ರೆ ಮಾಡಿದ್ದೂ ವ್ಯರ್ಥ. ಮಾತ್ರೆಗೆ ಡಾಕ್ಟರ್ ಚೀಟಿ ಬೇಕು, ಮನೇಲಿ ಯಾರೋ ಅರ್ಧ ತಿಂದು ಬಿಟ್ಟದ್ದನ್ನ ಹಾಕೋದು ಬೇಡ, ಪ್ರಾಣಿವೈದ್ಯರ ಹತ್ರ ಕೇಳಿ. ತೆಗೆದ ನೀರಿಗೆ ಬ್ಲೀಚ್ ಹಾಕಿ ಒಂದಿಡೀ ದಿನ ಬಿಟ್ಟೇ ಚೆಲ್ಲಿ, ಖಾಡಿಗಂತೂ (ಸಮುದ್ರದ ಹಿನ್ನೀರಿಗೆ) ಸುರೀಬೇಡಿ. ಹಗಲು ರಾತ್ರಿ ಎರಡೂ ಹೊತ್ತು ತುಂಬ್ಕೊಂಡೇ ಮೂರು ದಿನ ನಿಂತ್ರೆ ವಾಪಸ್ ಬಿಡಬಹುದು.

ಎತ್ತುವಾಗ ಜೋಪಾನ. ಎಳೀಬೇಡಿ. ಕಲ್ಲಿನ ಹಿಂಭಾಗಕ್ಕೆ ಸಣ್ಣ ಚೀಲದಲ್ಲಿ ಮಂಜುಗಡ್ಡೆ ಇಟ್ರೆ ತಾನೇ ಪಾದ ಬಿಡುತ್ತೆ, ಪಾದ ಹರಿದ್ರೆ ವಾಸಿಯಾಗೋದು ಕಷ್ಟ. ಮತ್ತೆ ಮುಖ್ಯ ಟ್ಯಾಂಕಿನ ವೇವ್‌ಮೇಕರಿಗೆ (ನೀರಲ್ಲಿ ಅಲೆ ಎಬ್ಬಿಸೋ ಪಂಪಿಗೆ) ಜಾಲರಿ ಇದೆಯಾ ನೋಡಿ. ಮಾಟುಂಗದ ಮನೇಲಿ ನನ್ನ ಮೊದಲ ಅನಿಮೋನ್ ಹೋಗಿದ್ದು ಹಾಗೇನೇ. ರಾತ್ರಿ ಜಾಗ ಹುಡುಕ್ತಾ ನಡೆದಿದೆ, ಬೆಳಿಗ್ಗೆ ಎದ್ದಾಗ ನೀರು ಗಂಜಿ ಬಣ್ಣ, ಫ್ಯಾನಿಗೆ ಸುತ್ಕೊಂಡ ಪಾದ ಇನ್ನೂ ಸುರುಟ್ಕೋತಾ ಇತ್ತು. ಹದಿನೈದು ವರ್ಷವಾದ್ರೂ ಅದು ಕಣ್ಣಿಗೆ ಕಟ್ಟಿದ ಹಾಗಿದೆ.

ಪ್ರಶ್ನೆ: ಪುಣೆಯಲ್ಲಿ ನಿಂಬೆಹಣ್ಣಿನ ಹಳದಿ ಬಣ್ಣದ ಸೆಬೆ ಅನಿಮೋನ್ ನೋಡಿದೆ, ತುಂಬಾ ಚೆನ್ನಾಗಿದೆ. ಅಂಗಡಿಯವರು ಹೇಗಿದ್ರೂ ಅನಿಮೋನ್ ಆರು ತಿಂಗಳೇ ಬದುಕೋದು ಅಂತಾರೆ, ನಿಜಾನಾ?

ಉತ್ತರ: ಮೈಯೆಲ್ಲ ಒಂದೇ ಸಮ ಎದ್ದು ಕಾಣೋ ಹಳದಿ ಬಹುಮಟ್ಟಿಗೆ ಬಣ್ಣ ಹಾಕಿದ್ದು. ಮೊದಲೇ ಬೆಳ್ಳಗಾದ ಪ್ರಾಣಿಗೆ ಬಣ್ಣ ಹಾಕಿ ಮಾರ್ತಾರೆ, ಕೆಲವು ವಾರಕ್ಕೆ ಬಣ್ಣ ಇಳಿದು ಹಿಂದಿನ ಬಿಳಿ ಆಚೆ ಬರುತ್ತೆ. ತಗೋಬೇಡಿ. ತಗೊಂಡ್ರೆ ಮಾರೋರು ಇನ್ನೊಂದಕ್ಕೂ ಬಣ್ಣ ಹಾಕ್ತಾರೆ. ಆರೋಗ್ಯದ ಸೆಬೆ ತಿಳಿ ಕಂದು, ತುದಿ ನೇರಳೆ ಇದ್ದೀತು.

ಆರು ತಿಂಗಳ ಮಾತು ಸುಳ್ಳು, ಸಾಕಕ್ಕೆ ಗೊತ್ತಿಲ್ದೋರ ಕೈಯಲ್ಲಿ ಅಷ್ಟೇ ಬದುಕೋದು ಅನ್ನಿ. ಸ್ಕಾಟ್ಲೆಂಡಿನಲ್ಲಿ ಜಾನ್ ಡಾಲಿಯೆಲ್ ಅನ್ನೋರು 1828ರಲ್ಲಿ ದಡದಿಂದ ತಂದ ಒಂದು ಅನಿಮೋನ್, ಗ್ರ್ಯಾನಿ ಅಂತ ಹೆಸರು, ಗಾಜಿನ ಜಾಡಿಯಲ್ಲಿ 1887ರವರೆಗೆ ಬದುಕಿತ್ತು. ಸಾಕಿದವರು ತೀರಿಹೋದ್ರು, ಅದು ಕೈಯಿಂದ ಕೈಗೆ ಹೋಗ್ತಾ ಬದುಕ್ತು. ಅದು ಪಾಚಿ ಇಲ್ಲದ ತಣ್ಣೀರಿನ ಜಾತಿ, ಪಂಪ್ ಲೈಟ್ ಏನೂ ಇರಲಿಲ್ಲ, ಸಮುದ್ರದ ನೀರು ತಪ್ಪದೆ ಬದಲಾಯಿಸ್ತಿದ್ರು.

ಪ್ರಶ್ನೆ: ನಾವು ವಾಸ್ಕೋದಲ್ಲಿದ್ದೀವಿ. ಅಂಜುಣಾ ಕಡೆ ಕಲ್ಲಿನ ಗುಂಡಿಗಳಲ್ಲಿ ಅನಿಮೋನ್ ಕಾಣುತ್ತೆ, ಒಂದು ತಂದು ಕ್ಲೌನ್ ಫಿಶ್ ಜೊತೆ ಬಿಡಬಹುದಾ?

ಉತ್ತರ: ಬೇಡ. ಕ್ಲೌನ್ ಮೀನು ಮನೆ ಮಾಡೋದು ಹತ್ತೇ ಹತ್ತು ಜಾತಿಯ ಅನಿಮೋನಲ್ಲಿ, ಆ ಗುಂಡಿಯ ಪುಟಾಣಿಗಳು ಅದರಲ್ಲಿಲ್ಲ. ದಿನಕ್ಕೆರಡು ಸಲ ಭರತ ಇಳಿತ, ಮಳೆಗಾಲದಲ್ಲಿ ಸಿಹಿನೀರು, ಕೆಸರು, ಇದಕ್ಕೆಲ್ಲ ಹೊಂದ್ಕೊಂಡ ಜೀವ ಅದು, ಜೊತೆಗೆ ಕಲ್ಲಿಂದ ಕೀಳುವಾಗಲೇ ಪಾದ ಹರಿಯುತ್ತೆ. ಕಲ್ಲು ಹವಳದ ತುಂಡೂ ತರ್ಬೇಡಿ, ಅದು 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಜೊತೆ ಮೊದಲ ಶೆಡ್ಯೂಲಲ್ಲೇ ಇದೆ. ನೋಡಕ್ಕಾದ್ರೆ ಖಂಡಿತ ಹೋಗಿ, ಮಳೆ ಕಳೆದ ಮೇಲೆ, ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನ ಇಳಿತದ ಹೊತ್ತಿಗೆ, ಆಗ ನೀರು ಜಾಸ್ತಿ ಹಿಂದೆ ಸರಿದಿರುತ್ತೆ. ನೀರಿಲ್ಲದಾಗ ಅವು ಮುದುಡಿ ಜೆಲ್ಲಿ ಗುಂಡಿ ತರ ಕಲ್ಲಿಗೆ ಅಂಟಿರ್ತವೆ, ಕಾಲಿಡೋ ಮುಂಚೆ ನೋಡ್ಕೊಳ್ಳಿ.