ಉಬುಂಟು 24.04ರಲ್ಲಿ ಸೇಜ್‌ಮ್ಯಾಥ್ ಹಾಕುವುದು ಹೇಗೆ?

ಉಬುಂಟು 22.04ರಲ್ಲಿ ಆಪ್ಟ್‌ನಿಂದಲೇ (ಉಬುಂಟುವಿನಲ್ಲಿ ಸಾಫ್ಟ್‌ವೇರ್ ಇಳಿಸುವ ಸಾಧನ) ಬರುತ್ತಿದ್ದ ಸೇಜ್‌ಮ್ಯಾಥ್ ಎಂಬ ಗಣಿತದ ಸಾಫ್ಟ್‌ವೇರ್ 24.04ರಲ್ಲಿ ಯಾಕೆ ಸಿಗುತ್ತಿಲ್ಲ ಅಂತ ಕೇಳಿದ್ದೀರಿ. ನಿಮ್ಮ ಕಂಪ್ಯೂಟರಿನ ತಪ್ಪಲ್ಲ, ಅಲ್ಲಿ ಆ ಪ್ಯಾಕೇಜೇ ಇಲ್ಲ. ಸೇಜ್ ಅಂದರೆ ಪಾರಿ, ಗ್ಯಾಪ್, ಸಿಂಗ್ಯುಲರ್, ಮ್ಯಾಕ್ಸಿಮಾ ಮುಂತಾದ ಗಣಿತದ ಸಾಫ್ಟ್‌ವೇರ್‌ಗಳೆಲ್ಲ ಸೇರಿದ ಕೂಡುಕುಟುಂಬ. ಒಂದರ ಆವೃತ್ತಿ ಬದಲಾದರೆ ಇನ್ನೊಂದು ಮುನಿಸಿಕೊಳ್ಳುತ್ತದೆ. ಡೆಬಿಯನ್ (ಉಬುಂಟುವಿಗೆ ಮೂಲವಾದ ಲಿನಕ್ಸ್), ಉಬುಂಟುಗಳಲ್ಲಿ ಸಾಮಾನ್ಯವಾಗಿ ಇಡೀ ಸಿಸ್ಟಮ್‌ಗೆ ಒಂದು ಲೈಬ್ರರಿಯ ಒಂದೇ ಆವೃತ್ತಿ ಇರುತ್ತದೆ. ಹಾಗಾಗಿ ಪ್ಯಾಕೇಜ್ ಮಾಡುವವರಿಗೆ ತಲೆನೋವು ಜಾಸ್ತಿ.

ಅದರ ಬದಲು ಮಿನಿಫೋರ್ಜ್ ಹಾಕಿಕೊಳ್ಳಿ; ಅದು ಕಾಂಡಾ ಎಂಬ ಪ್ಯಾಕೇಜ್ ಇಳಿಸುವ ಸಾಧನವನ್ನು ಹಾಕಿಕೊಡುತ್ತದೆ. ಸೇಜ್‌ಗೇ ಅಂತ ಬೇರೆ ಎನ್ವಿರಾನ್‌ಮೆಂಟ್ (ಪ್ಯಾಕೇಜ್‌ಗಳಿಗೆ ಪ್ರತ್ಯೇಕ ಜಾಗ) ಮಾಡಿ, ಕಾಂಡಾ-ಫೋರ್ಜ್ ಎಂಬ ಪ್ಯಾಕೇಜ್ ಭಂಡಾರದಿಂದ ಸೇಜ್ ಇಳಿಸಿ. ಬೇಸ್‌ಗೆ (ಕಾಂಡಾದ ಮೂಲ ಎನ್ವಿರಾನ್‌ಮೆಂಟ್‌ಗೆ) ಮಾತ್ರ ಹಾಕಬೇಡಿ. ಎಲ್ಲ ನಿಮ್ಮ ಹೋಮ್ ಫೋಲ್ಡರಿನಲ್ಲೇ ಕೂರುತ್ತದೆ, ಸುಡೋ (ಅಡ್ಮಿನ್ ಅಧಿಕಾರ) ಬೇಡ. ಸೋರ್ಸ್‌ನಿಂದ ಕಂಪೈಲ್ ಮಾಡಿದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಸೇಜ್‌ನ ಕೋಡನ್ನೇ ತಿದ್ದುವ ಆಸೆ ಇಲ್ಲದಿದ್ದರೆ ಸುಮ್ನೆ ಯಾಕೆ? ಬರೀ ಗ್ಯಾಪ್ ಸಾಕು ಅನ್ನುವುದಾದರೆ, ಅದು ಆಪ್ಟ್‌ನಲ್ಲೇ ಇದೆ.