ಎಲ್ಲಾ ಕೆಲಸ ಬಲ್ಲ ತಾತನ ಬಗ್ಗೆ ಐದು ನಿಮಿಷದಲ್ಲಿ ಏನು ಹೇಳಲಿ?

ನಿಮ್ಮ ಪ್ರಶ್ನೆ ಓದಿ ಎರಡು ದಿನ ಆಯ್ತು, ಮನಸ್ಸಿನಿಂದ ಹೋಗಲೇ ಇಲ್ಲ. ಕೇರಳದಿಂದ ಚಿತ್ರದುರ್ಗಕ್ಕೆ ಬಂದು ಐವತ್ತು ವರ್ಷ ಬಾಳಿದ ತಾತ ತೀರಿಕೊಂಡಿದ್ದಾರೆ, ಮುಂದಿನ ವಾರ ನೆನಪಿನ ಸಭೆ ಇದೆ, ಮನೆಯವರ ಪರವಾಗಿ ನೀವೇ ಮಾತಾಡಬೇಕು, ಮರಗೆಲಸದಿಂದ ಹಿಡಿದು ಚೆಂಡೆ ಬಾರಿಸೋವರೆಗೆ ಅವರಿಗೆ ಬಾರದ ಕೆಲಸವೇ ಇರಲಿಲ್ಲ, ಇಷ್ಟನ್ನೆಲ್ಲಾ ಐದು ನಿಮಿಷದಲ್ಲಿ ಹೇಗೆ ಹೇಳಲಿ ಅಂತ ಕೇಳಿದ್ದೀರಿ. ನಾನು ಪಕ್ಕದ ದಾವಣಗೆರೆಯವನು. 2019ರಲ್ಲಿ ಇದೇ ಥರ ನಾನೂ ಎದ್ದು ನಿಂತಿದ್ದೆ. ಚೆನ್ನಾಗಿ ಮಾತಾಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ತಾತ, ಅಂದರೆ ಅಮ್ಮನ ಅಪ್ಪ, ಪೊಳ್ಳಾಚಿ ಹತ್ತಿರದ ಒಂದು ಹಳ್ಳಿಯವರು. ಕೊಯಮತ್ತೂರಿನ ಹತ್ತಿ ಮಿಲ್ಲೊಂದರಲ್ಲಿ ಫಿಟ್ಟರ್ ಕೆಲಸ ಕಲಿತು, 1957ರಲ್ಲಿ, 23ನೇ ವಯಸ್ಸಿಗೆ ಇಲ್ಲಿಗೆ ಬಂದರು. ಕೊಯಮತ್ತೂರನ್ನು ದಕ್ಷಿಣ ಭಾರತದ ಮ್ಯಾಂಚೆಸ್ಟರ್ ಅಂತಾರೆ, ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಒಂದು ಹತ್ತಿ ಊರಿಂದ ಇನ್ನೊಂದು ಹತ್ತಿ ಊರಿಗೆ ಬಂದ ಹಾಗೆ. ಮಿಲ್ಲಿನ ಸೈರನ್ ಕೇಳಿ ಜನ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಕಾಲ ಅದು. ಅವರು ಬಂದಾಗ ರಾಜ್ಯದ ಹೆಸರು ಮೈಸೂರು, ಜಿಲ್ಲೆ ಚಿತ್ರದುರ್ಗ. 1973ರಲ್ಲಿ ರಾಜ್ಯ ಕರ್ನಾಟಕ ಆಯ್ತು, 1997ರಲ್ಲಿ ದಾವಣಗೆರೆಯೇ ಜಿಲ್ಲೆ ಆಯ್ತು. ಅದೇ ವಠಾರದ ಅದೇ ಎರಡು ಕೋಣೆಯ ಮನೆಗೆ ಮೂರು ಥರದ ವಿಳಾಸ ಬರೆದ ಕಾಗದಗಳು ಅವರ ಟ್ರಂಕಿನಲ್ಲಿದ್ದವು.

ಹೊರಗಿಂದ ಬಂದವರನ್ನು ಈ ಊರು ಬೇಗ ಒಳಗೆ ಸೇರಿಸಿಕೊಳ್ಳುತ್ತೆ, ಇದನ್ನು ನಾನು ಅಭಿಮಾನದಿಂದಲೇ ಹೇಳ್ತೀನಿ. ನಮ್ಮ ಬೆಣ್ಣೆ ದೋಸೆಯ ಕಥೆಯೂ ಹಾಗೇ ಅಲ್ವಾ. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಅನ್ನೋ ತಾಯಿ ಇಲ್ಲಿ ದೋಸೆ ಹೊಯ್ಯಲು ಶುರು ಮಾಡಿದರು, ಮೊದಲು ರಾಗಿ ದೋಸೆ, ಅಕ್ಕಿ ಬೆಣ್ಣೆ ಎಲ್ಲಾ ಆಮೇಲೆ ಮಕ್ಕಳ ಕಾಲಕ್ಕೆ ಬಂತು ಅಂತ ಊರಲ್ಲಿ ಹೇಳುತ್ತಾರೆ.

ಈಗ ಸಭೆಯ ವಿಷಯ. ನಾನು ಹಿಂದಿನ ರಾತ್ರಿ ಕೂತು ತಾತನಿಗೆ ಬರುತ್ತಿದ್ದ ಕೆಲಸಗಳನ್ನೆಲ್ಲಾ ಬರೆದುಕೊಂಡಿದ್ದೆ. ಮಿಲ್ ಫಿಟ್ಟರ್, ಟೈಲರ್, ರೇಡಿಯೋ ರಿಪೇರಿ, ನಾಟಕದ ಲೈಟಿಂಗ್, ಕೊಳಲು, ಅಡುಗೆ, ನಾಲ್ಕು ಭಾಷೆ. ಒಂದೊಂದನ್ನೇ ಓದಿದೆ. ಜನ ತಲೆ ಆಡಿಸಿದರು, ಅಷ್ಟೇ. ಕೆಲಸಕ್ಕೆ ಅರ್ಜಿ ಹಾಕಿದ ಹಾಗೆ ಇತ್ತು ನನ್ನ ಮಾತು. ಓದಿ ಮುಗಿಸಿ ಕೂರುವಾಗ ನಮ್ಮ ಹಳೇ ವಠಾರದ ಪಕ್ಕದ ಮನೆ ಅಜ್ಜಿ, ಆಗಲೇ ಎಂಬತ್ತು ದಾಟಿತ್ತು, ಕೂತಲ್ಲಿಂದಲೇ ಅಂದರು: "ಬರೀ ಕೆಲಸದ ಪಟ್ಟಿ ಓದಿದೆಯಲ್ಲಪ್ಪಾ. ಹುಟ್ಟಿದಾಗ ನಿನಗೆ ನೀರು ಹಾಕಿದ್ದು ಯಾರು ಗೊತ್ತೇನು? ನಿಮ್ಮ ತಾತ ನೋಡಪ್ಪಾ."

ನನಗೆ ಗೊತ್ತಿರಲಿಲ್ಲ. ನನಗಾಗ ಮೂವತ್ತು ವರ್ಷ, ಅಲ್ಲಿವರೆಗೆ ಯಾರೂ ಹೇಳಿರಲಿಲ್ಲ.

ಆದದ್ದು ಇಷ್ಟು. ನಮ್ಮ ಅಜ್ಜಿ 1986ರಲ್ಲೇ ತೀರಿಕೊಂಡಿದ್ದರು. 1989ರಲ್ಲಿ ನಾನು ಹುಟ್ಟಿದಾಗ ಬಾಣಂತನ ಮಾಡಲು ತವರಿನಲ್ಲಿ ಹೆಂಗಸರೇ ಇರಲಿಲ್ಲ. ದೊಡ್ಡಮ್ಮನಿಗೆ ಅವರದೇ ಸಂಸಾರ. ಗಂಡನ ಮನೆಯಲ್ಲೇ ಆಗಲಿ ಬಿಡಿ ಅಂತ ಎಲ್ಲರೂ ಹೇಳಿದರಂತೆ. ತಾತ ಒಪ್ಪಲಿಲ್ಲ. ಮಗಳು ತಾಯಿ ಇಲ್ಲ ಅಂತ ಅಂದುಕೊಳ್ಳಬಾರದು, ಬಾಣಂತನ ನನ್ನ ಮನೆಯಲ್ಲೇ, ನಾನೇ ಮಾಡ್ತೀನಿ ಅಂದರು. ಮಿಲ್ಲಲ್ಲಿ ಕೇಳಿಕೊಂಡು ಎರಡು ತಿಂಗಳು ರಾತ್ರಿ ಪಾಳಿ ಹಾಕಿಸಿಕೊಂಡರು. ಬೆಳಿಗ್ಗೆ ಬಂದು ಸೀದಾ ಪಕ್ಕದ ಮನೆ ಅಜ್ಜಿ ಹತ್ತಿರ ಹೋಗಿ, "ಅಕ್ಕಾ, ಮಗೂಗೆ ನೀರು ಹಾಕೋದು ತೋರಿಸಿಕೊಡಿ" ಅಂದರಂತೆ.

ಫಿಟ್ಟರ್ ಕೈ ಹೇಗಿರುತ್ತೆ ಅಂತ ನೋಡಿದವರಿಗೆ ಗೊತ್ತು. ಗ್ರೀಸು ಉಗುರಿನ ಸಂದಿಗೆ, ಅಂಗೈ ಗೆರೆಗೆ ಇಳಿದುಬಿಟ್ಟಿರುತ್ತೆ, ಸೋಪಿಗೆ ಹೋಗಲ್ಲ. ಆ ದಿನ ಅವರು ಮರದ ಹೊಟ್ಟು, ಸೀಗೆಪುಡಿ ಹಾಕಿ ಅರ್ಧ ಗಂಟೆ ಕೈ ತಿಕ್ಕಿಕೊಂಡು, ಉಗುರನ್ನು ಮಾಂಸಕ್ಕೆ ತಾಗುವವರೆಗೆ ಕತ್ತರಿಸಿಕೊಂಡು ಬಂದರು. ಬಚ್ಚಲಲ್ಲಿ ಮಣೆ ಮೇಲೆ ಕೂತು, ಪಂಚೆ ಮಂಡಿವರೆಗೆ ಎತ್ತಿ ಕಟ್ಟಿ, ಕಾಲು ನೀಡಿದರು. ಕಾಲ ಮೇಲೆ ನನ್ನನ್ನು ಮಲಗಿಸಿದರು. ನೀರಿನ ಬಿಸಿಯನ್ನು ಕೈಯಲ್ಲಿ ನೋಡಬಾರದು, ನಿನ್ನ ಕೈ ದಪ್ಪ, ಮೊಣಕೈ ಅದ್ದಿ ನೋಡು ಅಂತ ಅಜ್ಜಿ ಹೇಳಿಕೊಟ್ಟರು. ಹಣೆಗೆ ಅಂಗೈ ಅಡ್ಡ ಹಿಡಿದರೆ ನೀರು ಕಣ್ಣಿಗೆ, ಮೂಗಿಗೆ ಇಳಿಯಲ್ಲ, ಅದನ್ನೂ ಹೇಳಿಕೊಟ್ಟರು. ಮೂರು ದಿನ ಅಜ್ಜಿ ಚೊಂಬಲ್ಲಿ ನೀರು ಹೊಯ್ದರು, ತಾತ ಹಿಡಿದುಕೊಂಡರು. ನಾಲ್ಕನೇ ದಿನ ಬಾಗಿಲ ಹತ್ತಿರ ನಿಂತು ನೋಡಿದರು, ಐದನೇ ದಿನ ಬರಲೇ ಇಲ್ಲ. "ಮಷೀನಿಗೆ ಎಣ್ಣೆ ಬಿಡೋ ಹಾಗೇ ಮೆಲ್ಲಗೆ ಎಣ್ಣೆ ಹಚ್ತಿದ್ದ ನೋಡು, ಒಂದು ಹನಿ ದಂಡ ಮಾಡ್ತಿರಲಿಲ್ಲ" ಅಂತ ಅಜ್ಜಿ ಹೇಳುವಾಗ ಸಭೆಯಲ್ಲಿ ನನ್ನ ಅಮ್ಮ ಸೆರಗು ಬಾಯಿಗೆ ಹಿಡಿದುಕೊಂಡಿದ್ದರು. ಅಮ್ಮನಿಗೆ ಮಧ್ಯಾಹ್ನಕ್ಕೆ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ಅವರ ಕಡೆಯ ಬೆಳ್ಳುಳ್ಳಿ ಕುಳಂಬು. ಆಮೇಲೆ ಮೂರು ನಾಲ್ಕು ಗಂಟೆ ನಿದ್ದೆ, ರಾತ್ರಿ ಮತ್ತೆ ಸೈರನ್.

ಅವತ್ತು ರಾತ್ರಿ ನಾನು, ಅಮ್ಮ, ದೊಡ್ಡಮ್ಮ, ಮಾವ ಕೂತು ಒಂದೊಂದೇ ಕೆದಕಿದೆವು. ನನ್ನ ಪಟ್ಟಿಯಲ್ಲಿದ್ದ ಹೆಚ್ಚುಕಡಿಮೆ ಪ್ರತಿಯೊಂದು ವಿದ್ಯೆಯ ಹಿಂದೆಯೂ ಮನೆಯ ಒಬ್ಬರು ಇದ್ದರು. ನಾನು ವಿದ್ಯೆಯ ಹೆಸರು ಮಾತ್ರ ಓದಿದ್ದೆ, ಆ ಜನರನ್ನು ಬಿಟ್ಟುಬಿಟ್ಟಿದ್ದೆ.

ಹೊಲಿಗೆ ಕಲಿತದ್ದು ದೊಡ್ಡಮ್ಮನ ಸ್ಕೂಲ್ ಯೂನಿಫಾರಂಗೆ. ಅಗ್ಗಕ್ಕೆ ಸಿಗುತ್ತಿದ್ದ ಕಟ್ ಪೀಸ್ ತಂದು, ಹಳೇ ಮಷೀನೊಂದನ್ನು ಬಿಚ್ಚಿ ರಿಪೇರಿ ಮಾಡಿ, ಮೊದಲು ಹೊಲಿದ ಲಂಗ ಒಂದು ಕಡೆ ಗಿಡ್ಡ. ರೇಡಿಯೋ ಕಲಿತದ್ದು ಮಾವನಿಗೆ ಕ್ರಿಕೆಟ್ ಕಾಮೆಂಟರಿ ಹುಚ್ಚು ಅಂತ. ಆಗ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು, ಆ ಪುಟ್ಟ ಪುಸ್ತಕ ಇನ್ನೂ ಇದೆ.

ಕನ್ನಡ ಓದು ಬರಹ ಕಲಿತದ್ದು ನಮ್ಮ ಅಮ್ಮನ ಜೊತೆ. 1970ರಲ್ಲಿ ಅಮ್ಮ ಒಂದನೇ ಕ್ಲಾಸಿಗೆ ಸೇರಿದಾಗ ಮನೆಯಲ್ಲಿ ಪಾಠ ಹೇಳಿಕೊಡುವವರು ಯಾರೂ ಇರಲಿಲ್ಲ. ತಾತ ಇನ್ನೊಂದು ಸ್ಲೇಟು ತಂದು ಪಕ್ಕದಲ್ಲೇ ಕೂತರು. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಬರೆಯುವುದು ಒಂದೇ ಅಕ್ಷರ. ಅವರಿಗೆ ಒತ್ತಿ ಹೇಳುವ ಅಕ್ಷರಗಳು ಕೊನೆವರೆಗೂ ಕಷ್ಟ ಕೊಟ್ಟವು. 'ಅರ್ಧ ಕೆಜಿ' ಅಂತ ಬರೆಯುವಾಗ ಹೊಟ್ಟೆ ಸೀಳುವುದು ಮರೆತು 'ಅರ್ದ ಕೆಜಿ' ಅಂತಲೇ ಬರೆಯುತ್ತಿದ್ದರು. ಆರು ವರ್ಷದ ಅಮ್ಮ ಪೆನ್ಸಿಲ್ಲಿನಲ್ಲಿ ತಿದ್ದುತ್ತಿದ್ದರಂತೆ. ದಿನಸಿ ಲೆಕ್ಕದ ನೋಟ್‌ಬುಕ್ಕಿನಲ್ಲಿ ಆ ಪುಟ್ಟ ಗೀಟುಗಳು ಈಗಲೂ ಕಾಣುತ್ತವೆ.

ನಾಟಕದ ಲೈಟಿಂಗ್ ನನಗೆ ತುಂಬಾ ಇಷ್ಟವಾದ ವಿಷಯ. ಚಿಂದೋಡಿ ಲೀಲಾ ಅವರ ಊರು ಇದು, ಕಂಪನಿ ನಾಟಕದ ಹುಚ್ಚು ಜನಕ್ಕೆ ಎಷ್ಟಿತ್ತು ಅಂತ ಹೇಳಬೇಕಿಲ್ಲ. ನಮ್ಮ ಅಜ್ಜಿ, ಅಂದರೆ ತಾತನ ಹೆಂಡತಿ, ಮದುವೆಯಾಗಿ ಬಂದಾಗ ಒಂದಕ್ಷರ ಕನ್ನಡ ಬರುತ್ತಿರಲಿಲ್ಲ, ದಿನವಿಡೀ ಮನೆಯೊಳಗೆ ಒಬ್ಬರೇ ಇರುತ್ತಿದ್ದರು, ಊರು ನೆನೆದು ಅಳುತ್ತಿದ್ದರು. ನಾಟಕ ಅಂದರೆ ಮಾತ್ರ ಮುಖ ಅರಳುತ್ತಿತ್ತು. ದಿನಾ ಟಿಕೆಟ್ ತೆಗೆಸುವಷ್ಟು ದುಡ್ಡಿಲ್ಲ. ತಾತ ಹೋಗಿ ಒಂದು ಕಂಪನಿಯ ಎಲೆಕ್ಟ್ರಿಷಿಯನ್‌ಗೆ ಸಹಾಯಕ್ಕೆ ಸೇರಿಕೊಂಡರು, ಸಂಬಳ ಬೇಡ, ಹೆಂಡತಿಗೆ ಸೈಡಿನಲ್ಲಿ ಕೂರಲು ಜಾಗ ಕೊಟ್ಟರೆ ಸಾಕು ಅಂತ. ಆಗ ದೀಪ ನಿಧಾನವಾಗಿ ಆರಿಸಲು, ಏರಿಸಲು ಉಪ್ಪುನೀರಿನ ಡಿಮ್ಮರ್ ಬಳಸುತ್ತಿದ್ದರು. ಉಪ್ಪಿನಕಾಯಿ ಜಾಡಿಯಂಥ ಪಿಂಗಾಣಿ ಜಾಡಿಯಲ್ಲಿ ಉಪ್ಪುನೀರು, ತಳದಲ್ಲಿ ಒಂದು ಲೋಹದ ತಗಡು, ಮೇಲಿಂದ ಮರದ ಹಿಡಿಗೆ ಕಟ್ಟಿದ ಇನ್ನೊಂದು ತಗಡು. ಮೇಲಿನದನ್ನು ಕೆಳಗೆ ಇಳಿಸಿದಷ್ಟೂ ಕರೆಂಟು ಜಾಸ್ತಿ ಹರಿಯುತ್ತೆ, ಬೆಳಕು ಏರುತ್ತೆ. ಎತ್ತಿದರೆ ಮಂಕಾಗುತ್ತೆ. ಮೈಮರೆತರೆ ಜೀವಕ್ಕೇ ಅಪಾಯ, ರಬ್ಬರ್ ಚಪ್ಪಲಿ ಇಲ್ಲದೆ ಮುಟ್ಟುವ ಹಾಗಿರಲಿಲ್ಲ. ರಾಣಿಯ ದುಃಖದ ಸೀನಿಗೆ ತಾತ ಅಲ್ಲಿ ತಗಡು ಎತ್ತುತ್ತಿದ್ದರೆ, ಅಜ್ಜಿ ಇಲ್ಲಿ ಸೈಡಿನಲ್ಲಿ ಕೂತು ಕನ್ನಡ ಕಲಿತರು. ಅಜ್ಜಿಯ ಕನ್ನಡದಲ್ಲಿ ನಾಟಕದ ಮಾತೇ ಇತ್ತಂತೆ, ತರಕಾರಿಯವನ ಹತ್ತಿರವೂ "ಅಯ್ಯಾ, ಇದು ನ್ಯಾಯವೇ?" ಅಂತ ಕೇಳುತ್ತಿದ್ದರಂತೆ.

ಎಲ್ಲವೂ ಮನೆಯವರಿಗಾಗಿಯೇ ಅಂತ ಹೇಳಿದರೆ ಸುಳ್ಳಾಗುತ್ತೆ. ಕೊಳಲು ಅವರದೇ. ಊರಿನ ತೋಟದಲ್ಲಿ ದನ ಕಾಯುವಾಗ ಕಲಿತದ್ದು. ಪಾಳಿ ಮುಗಿಸಿ ಬಂದು ಮಾಳಿಗೆ ಮೇಲೆ ಒಬ್ಬರೇ ಕೂತು ನುಡಿಸುತ್ತಿದ್ದರು, ಯಾರನ್ನೂ ಕರೆಯುತ್ತಿರಲಿಲ್ಲ. 1965ರಲ್ಲಿ ಅವರ ತಾಯಿ ಹೋದ ಟೆಲಿಗ್ರಾಂ ಬಂದಾಗ ರೈಲು ಹತ್ತಿ, ಬದಲಾಯಿಸಿ, ಊರು ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಆ ಮೇಲೆ ಒಂದು ಹಾಡು ಮಾತ್ರ ಪದೇ ಪದೇ ನುಡಿಸುತ್ತಿದ್ದರು ಅಂತ ದೊಡ್ಡಮ್ಮ ಹೇಳಿದರು. ಯಾವ ಹಾಡು ಅಂತ ಮಕ್ಕಳು ಕೇಳಲಿಲ್ಲ, ಅವರು ಹೇಳಲಿಲ್ಲ.

ಆ ಕೊಳಲನ್ನೇ ಮಿಲ್ಲು ಕಿತ್ತುಕೊಂಡಿತು. ನೂಲು ತುಂಡಾಗದಿರಲಿ ಅಂತ ಒಳಗೆ ಗಾಳಿಯಲ್ಲಿ ತೇವ ಇಟ್ಟಿರುತ್ತಾರೆ, ಕಿಟಕಿ ತೆರೆಯುವ ಹಾಗಿಲ್ಲ, ಹತ್ತಿ ಧೂಳು ಮೂಗು ಬಾಯಿಗೆಲ್ಲಾ. ವಾರದ ರಜೆ ಮುಗಿಸಿ ಹೋದ ಮೊದಲ ದಿನವೇ ಎದೆ ಬಿಗಿತ ಜಾಸ್ತಿ. ಹತ್ತಿ ಧೂಳಿನ ಕಾಯಿಲೆಯ ಗುರುತೇ ಅದು ಅಂತ ನನಗೆ ಬಹಳ ವರ್ಷದ ಮೇಲೆ ತಿಳಿಯಿತು. ಐವತ್ತರ ಹೊತ್ತಿಗೆ ಒಂದು ಸಾಲು ನುಡಿಸುವಷ್ಟು ಉಸಿರು ಉಳಿದಿರಲಿಲ್ಲ. 1990ರ ಸುಮಾರಿಗೆ ಮಿಲ್ಲೂ ಮುಚ್ಚಿತು, ಬರಬೇಕಾದ ದುಡ್ಡಿಗೆ ವರ್ಷಗಟ್ಟಲೆ ಓಡಾಡಿದರು. ಈ ಸಿಟ್ಟು ನನಗೆ ಇನ್ನೂ ಇದೆ. ಅವರು ಮಾತ್ರ ಮನೆ ಮುಂದೆ ಹೊಲಿಗೆ ಮಷೀನ್ ರಿಪೇರಿ ಇಟ್ಟುಕೊಂಡು, ಸಂಜೆ ನನಗೆ ಒಂದು ಪೊಟ್ಟಣ ಖಾರ ಮಂಡಕ್ಕಿ ಕೊಡಿಸಿ, ಮಷೀನಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಅಂತ ಹೇಳೋದು ಕಲಿಸುತ್ತಿದ್ದರು.

ನಿಮಗೆ ಇನ್ನೂ ಒಂದು ವಾರ ಇದೆ. ಸುಮ್ನೆ ಕೂತು ಬರೆಯಬೇಡಿ. ಅಜ್ಜಿ ಇದ್ದರೆ ಅಜ್ಜಿ ಹತ್ತಿರ, ಅಮ್ಮನ ಹತ್ತಿರ, ಚಿಕ್ಕಪ್ಪಂದಿರ ಹತ್ತಿರ, ಹಳೇ ಬೀದಿಯ ಅಕ್ಕಪಕ್ಕದವರ ಹತ್ತಿರ ಹೋಗಿ. ತಾತನಿಗೆ ಏನೇನು ಬರ್ತಿತ್ತು ಅಂತ ಕೇಳಬೇಡಿ, ಅದು ನಿಮಗೆ ಗೊತ್ತೇ ಇದೆ. ಮರಗೆಲಸದಲ್ಲಿ ಮನೆಗೆ ಅಂತ ಮೊದಲು ಮಾಡಿದ್ದು ಏನು, ಯಾರಿಗೆ, ಅಂತ ಕೇಳಿ. ತೊಟ್ಟಿಲೋ, ಸ್ಟೂಲೋ, ಯಾರದೋ ಓದುವ ಮೇಜೋ ಇರಬಹುದು. ಆ ವಸ್ತು ಈಗಲೂ ಇದ್ದರೆ ಸಭೆಗೆ ತಗೊಂಡು ಹೋಗಿ ಎದುರಿಗೆ ಇಡಿ. ಅದೊಂದನ್ನೇ ಐದು ನಿಮಿಷ ಹೇಳಿ, ಉಳಿದದ್ದನ್ನು ಬಂದವರು ಹೇಳುತ್ತಾರೆ. ಊರು ಬಿಟ್ಟು ಬಂದ ನೋವೂ ಅವರಿಗೆ ಇದ್ದೇ ಇರುತ್ತೆ, ಸಿಕ್ಕರೆ ಅದನ್ನೂ ಸೇರಿಸಿ, ಮುಚ್ಚಿಡಬೇಡಿ.

ಸಭೆ ಆದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ. ಆ ಚೆಂಡೆ ಯಾರಿಗಾಗಿ ಅಂತ ನನಗೂ ತಿಳಿಯಬೇಕು.