17 ವರ್ಷದ ರಮ್ ಇಲ್ಲದೆ 1944ರ ಮಾಯ್ ತಾಯ್ ಆಗುತ್ತದೆಯೇ?

ಪ್ರಶ್ನೆ: ಹಳೆಯ ಕಾಲದ ಮಾಯ್ ತಾಯ್ ಕಾಕ್‌ಟೇಲನ್ನು ಮನೆಯಲ್ಲಿ ಮಾಡಲು ಮೂರು ಸಲ ಪ್ರಯತ್ನಿಸಿದೆ. ಅನಾನಸ್ ರಸ, ಕಿತ್ತಳೆ ರಸ, ಬಾಟಲಿಯ ಬಾದಾಮಿ ಸಿರಪ್ ಎಲ್ಲ ಹಾಕಿದ್ದೆ. ಮೂರು ಸಲವೂ ಬರೀ ಜ್ಯೂಸ್ ಕುಡಿದ ಹಾಗಾಯಿತು. ಮೊದಲಿನದಕ್ಕೆ 17 ವರ್ಷ ಮಾಗಿದ ಜಮೈಕಾ ರಮ್ ಹಾಕುತ್ತಿದ್ದರಂತೆ. ಅದಿಲ್ಲದೆ ಆ ರುಚಿ ಬರುವುದಿಲ್ಲವೇ?

ಉತ್ತರ: ರಮ್ಮಿನ ಮಾತು ಆಮೇಲೆ, ಮೊದಲು ಅನಾನಸ್ ರಸವನ್ನು ಪಕ್ಕಕ್ಕಿಡಿ. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ‘ಟ್ರೇಡರ್ ವಿಕ್ಸ್’ ಎಂಬ ರೆಸ್ಟೋರೆಂಟ್ ನಡೆಸುತ್ತಿದ್ದ ವಿಕ್ಟರ್ ಬರ್ಜೆರಾನ್ 1944ರಲ್ಲಿ ಇದನ್ನು ಬೆರೆಸಿದಾಗ ಅದರಲ್ಲಿದ್ದ ಹಣ್ಣಿನ ರಸ ನಿಂಬೆಯದೊಂದೇ. 1953ರಲ್ಲಿ ಈ ಪಾನೀಯ ಹವಾಯಿಯ ಹೋಟೆಲಿಗೆ ಹೋಯಿತು. ಅನಾನಸ್ ಅಂಟಿಕೊಂಡದ್ದು ಅಲ್ಲಿ.

ರಮ್ಮಿನ ಬಗ್ಗೆ ನೀವು ಕೇಳಿದ್ದು ನಿಜ. ಅದು ಜೆ. ವ್ರೇ ಅಂಡ್ ನೆಫ್ಯೂ ಕಂಪನಿಯ 17 ವರ್ಷದ ರಮ್. ಆದರೆ ಬರ್ಜೆರಾನ್ ಇದ್ದಾಗಲೇ ಆ ದಾಸ್ತಾನು ಮುಗಿಯಿತು. ಆಮೇಲೆ ಅವರು 15 ವರ್ಷದ್ದನ್ನು ಹಾಕಿದರು, ಅದೂ ಸಾಲದಾದಾಗ ಜಮೈಕಾ ಮತ್ತು ಮಾರ್ಟಿನಿಕ್ ದ್ವೀಪಗಳ ರಮ್‌ಗಳನ್ನು ಬೆರೆಸಿದರು. ಮಾಡಿದವರೇ ಬೆರಕೆಗೆ ಒಪ್ಪಿದ್ದಾರೆ, ನೀವೂ ಧೈರ್ಯವಾಗಿ ಬೆರೆಸಿ. ಬೇಕಾದದ್ದು ಜಮೈಕಾ ರಮ್ಮಿನ ಆ ಗಡಸು ಘಮ. ಕಾಕಂಬಿಯನ್ನು ನಿಧಾನವಾಗಿ ಹುದುಗಿಸಿ ಪಾಟ್ ಸ್ಟಿಲ್ ಎಂಬ ಹಂಡೆಯಲ್ಲಿ ಬಟ್ಟಿ ಇಳಿಸಿದಾಗ ಎಸ್ಟರ್ ಎಂಬ ಪರಿಮಳದ ಸಂಯುಕ್ತಗಳು ಹೆಚ್ಚಿ, ಕಳಿತ ಬಾಳೆಹಣ್ಣಿನಂಥ ವಾಸನೆ ಬರುತ್ತದೆ. ಪೀಪಾಯಿಯಲ್ಲಿ ಕೆಲವು ವರ್ಷ ಮಾಗಿದ ಜಮೈಕಾ ರಮ್ 45 ಮಿಲಿ, ಬೇರೆ ಯಾವುದಾದರೂ ಗಾಢ ರಮ್ 15 ಮಿಲಿ ಸಾಕು. ಮಸಾಲೆ ಸೇರಿಸಿದ ರಮ್ ಮಾತ್ರ ಬೇಡ, ಅದು ಬಾದಾಮಿಯನ್ನು ಮುಚ್ಚಿಹಾಕುತ್ತದೆ.

ನನ್ನ ಪ್ರಕಾರ ನಿಮ್ಮ ಲೋಟ ಕೆಟ್ಟದ್ದು ಆ ಸಿರಪ್‌ನಿಂದ. ಓರ್ಜಾ ಎನ್ನುವ ಈ ಬಾದಾಮಿ ಪಾಕ ಅಂಗಡಿಯಲ್ಲಿ ಸಿಗುವಾಗ ಎಷ್ಟೋ ಸಲ ಎಸೆನ್ಸ್ ಬೆರೆಸಿದ ಸಕ್ಕರೆ ನೀರಷ್ಟೇ ಆಗಿರುತ್ತದೆ. ಮನೆಯಲ್ಲೇ ಮಾಡಿ. 250 ಗ್ರಾಂ ಬಾದಾಮಿಯ ಸಿಪ್ಪೆ ಸುಲಿದು, 500 ಮಿಲಿ ನೀರು ಹಾಕಿ ತರಿತರಿಯಾಗಿ ರುಬ್ಬಿ, ಎರಡು ಮೂರು ಗಂಟೆ ಬಿಟ್ಟು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿ. ಬಂದ ಹಾಲಿನಷ್ಟೇ ತೂಕದ ಸಕ್ಕರೆ ಸೇರಿಸಿ, ಸಣ್ಣ ಉರಿಯಲ್ಲಿ ಕರಗಿಸಿ. ಕುದಿಯಬಾರದು, ಕುದಿದರೆ ಹಸಿ ಬಾದಾಮಿಯ ಪರಿಮಳ ಹೋಗುತ್ತದೆ. ಆರಿದ ಮೇಲೆ ಕಿತ್ತಳೆ ಹೂವಿನ ನೀರು ಅರ್ಧ ಚಮಚ. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಮೇಲೆ ಕೆನೆಯಂತೆ ಬೇರ್ಪಟ್ಟರೆ ಹೆದರಬೇಡಿ, ಕುಲುಕಿ ಬಳಸಿ. ಅತಿಥಿಗಳಲ್ಲಿ ಯಾರಿಗಾದರೂ ಬಾದಾಮಿ ಅಲರ್ಜಿ ಇದೆಯೇ ಎಂದು ಕೇಳಿಕೊಳ್ಳುವುದನ್ನು ದಯವಿಟ್ಟು ಮರೆಯಬೇಡಿ.

ಇನ್ನು ಅಳತೆ. ರಮ್ 60 ಮಿಲಿ, ಆಗಷ್ಟೇ ಹಿಂಡಿದ ನಿಂಬೆರಸ 30 ಮಿಲಿ (ಹಸಿರು ಲೈಮ್, ಹಳದಿ ಲೆಮನ್ ಅಲ್ಲ), ಕಿತ್ತಳೆ ಕ್ಯುರಸಾವ್ (ಕಿತ್ತಳೆ ಸಿಪ್ಪೆಯ ಸಿಹಿ ಮದ್ಯ) 15, ಓರ್ಜಾ 15, ಕಲ್ಲುಸಕ್ಕರೆ ಪಾಕ 7 ಮಿಲಿ. ಈ ಪಾಕಕ್ಕೆ ಸಕ್ಕರೆ ಎರಡು ಪಾಲು, ನೀರು ಒಂದು ಪಾಲು. ‘ಒಂದು ನಿಂಬೆಹಣ್ಣು’ ಎನ್ನುವ ಲೆಕ್ಕ ನಂಬಬೇಡಿ, ಹಣ್ಣಿನ ಗಾತ್ರ ಒಂದೇ ಸಮ ಇರುವುದಿಲ್ಲ. ಪುಡಿ ಐಸ್ ಹಾಕಿ ಹತ್ತು ಸೆಕೆಂಡು ಜೋರಾಗಿ ಕುಲುಕಿ, ಸೋಸದೆ ಐಸ್ ಸಮೇತ ಲೋಟಕ್ಕೆ ಸುರಿಯಿರಿ. ಹಿಂಡಿದ ನಿಂಬೆಯ ಅರ್ಧ ಸಿಪ್ಪೆಯನ್ನು ಬೋರಲು ಹಾಕಿ, ಅಂಗೈಯಲ್ಲಿ ಒಮ್ಮೆ ತಟ್ಟಿದ ಪುದೀನಾ ಕುಡಿಯನ್ನು ಪಕ್ಕದಲ್ಲಿ ಸಿಕ್ಕಿಸಿ. ಕುಡಿಯುವಾಗ ಮೂಗಿಗೆ ಮೊದಲು ತಾಗಬೇಕಾದದ್ದು ಅದು.

ಒಂದು ಲೋಟದಲ್ಲಿ ಸುಮಾರು 24 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, ಹಣ್ಣಿನ ಪಾನೀಯದ ಹಾಗೆ ಗಟಗಟ ಕುಡಿಯುವಂಥದ್ದಲ್ಲ. ಹೆಚ್ಚು ಜನರಿಗೆ ಮಾಡುವುದಾದರೆ ರಮ್ ಮತ್ತು ಕ್ಯುರಸಾವನ್ನು ಹಿಂದಿನ ದಿನವೇ ಬೆರೆಸಿಡಬಹುದು. ನಿಂಬೆಯನ್ನು ಮಾತ್ರ ಜನ ಬಂದು ಕೂತ ಮೇಲೆ ಹಿಂಡಿ.